ಮೊಳೆಯಲ್ಲಿದ್ದ ಕೈಗವಸು

ಜನವರಿ 28, 1977, ಶುಕ್ರವಾರ

ನಾವು ಬಂದು ಸೇರಿದೆವು, ನನ್ನ ಚೀಲ ಸೇರಲಿಲ್ಲ. ನಾರ್ವೆಯ ಡ್ರಾಮೆನ್‌ನಿಂದ ಗಡಿ ದಾಟಿ ಸ್ವೀಡನ್ನಿನ ಈ ಗ್ರಾನ್‌ಶೋ ಊರಿಗೆ ದಿನವಿಡೀ ರೈಲು, ಮೂರು ಕಡೆ ಇಳಿದು ಹತ್ತುವುದು, ರಾಷ್ಟ್ರೀಯ ತಂಡದ ಹದಿನೇಳು ಆಟಗಾರರ ಹದಿನೇಳು ಚೀಲ. ಕಳೆದುಹೋಗುವ ಯೋಗ ನನ್ನದಕ್ಕೇ ಇರಬೇಕೆ? ಸ್ಕೇಟು, ಕಾಲುಕಟ್ಟು, ಮುಖವಾಡ, ಕೈಗವಸು ಎಲ್ಲ ಅದರಲ್ಲೇ ಇದ್ದವು. ಸ್ಟೇಷನ್ನಿನ ಗುಮಾಸ್ತ ಒಂದು ಚೀಟಿಯಲ್ಲಿ ಬರೆದುಕೊಂಡು, "ಬರುತ್ತೆ ಬಿಡಿ" ಎಂದ. ನಾನು ಕೊಳಾಯಿ ರಿಪೇರಿ ಮಾಡಿ ಬದುಕುವವನು. ನೀರು ಯಾವಾಗ ಬರುತ್ತದೆ ಎಂದು ಕೇಳಿದವರಿಗೆ ನಾನೂ ಇದೇ ದನಿಯಲ್ಲಿ ಹಾಗೇ ಹೇಳುವುದು.

ಕ್ನುಟ್ ಬೆನ್ನು ತಟ್ಟಿದ. "ಹೋಗ್ಲಿ ಬಿಡೋ ಟೋರ್ಲೈಫ್, ನೀನು ಹೇಗಿದ್ರೂ ಬೆಂಚು ಬಿಸಿ ಮಾಡೋನು. ಬೆಂಚಿಗೆ ಕೈಗವಸು ಬೇಕಾ?" ಹನ್ನೊಂದು ವರ್ಷದಿಂದ ನನ್ನ ಗೋಲಿನ ಮುಂದೆ ನಿಂತು ಚೆಂಡು ತಡೆಯುತ್ತಾ ಬಂದವನು, ಹೀಗೆ ಅನ್ನುವ ಹಕ್ಕು ಅವನಿಗಿದೆ. ಅಂದದ್ದೂ ಸುಳ್ಳಲ್ಲ. ಕೋಚ್ ಆರ್ವಿಡ್ ನನ್ನನ್ನು ಕರೆತಂದಿರುವುದು ಎರಡನೇ ಕೀಪರ್ ಆಗಿ. ಮೂವತ್ತಾರು ವರ್ಷಕ್ಕೆ ಅದೂ ದೊಡ್ಡದೇ. ಇದೇ ಕೊನೆ. ಫಿನ್‌ಲ್ಯಾಂಡ್, ಸೋವಿಯತ್, ಸ್ವೀಡನ್, ಮೂರು ಪಂದ್ಯ. ಆರನೇ ತಾರೀಖು ಭಾನುವಾರ ಸಂಜೆಯ ರೈಲಿಗೆ ವಾಪಸು. ಮಗಳು ಸಿಸ್ಸೆಲ್‌ಗೆ ಈಗ ಆರು ವರ್ಷ. ಅವಳ ಚಳಿಗಾಲಗಳಲ್ಲಿ ಅರ್ಧದಷ್ಟು ನಾನು ಮನೆಯಲ್ಲೇ ಇರಲಿಲ್ಲ. ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ಅವಳಿಗೂ ಹೆಂಡತಿ ಗೆರ್ಡ್‌ಗೂ ಮಾತು ಕೊಟ್ಟು ಬಂದಿದ್ದೇನೆ.

ತಂಡವನ್ನು ಶಾಲೆಯಲ್ಲಿ ಮಲಗಿಸಿದ್ದಾರೆ. ಒಂದು ಹಾಸಿಗೆ ಕಡಿಮೆ ಬಿತ್ತು. ವಯಸ್ಸಾದವನೆಂದು ನನ್ನನ್ನು ಊರಿನವರ ಮನೆಯೊಂದಕ್ಕೆ ಕಳಿಸಿದರು. ಸರೋವರದ ದಡದ ಹಳದಿ ಮನೆ. ಮನೆಯೊಡತಿ ಮ್ಯಾರ್ತಾ ಅವರು, ನಲವತ್ತರ ಆಸುಪಾಸು, ಕಡಿಮೆ ಮಾತು. ಯಜಮಾನರು ಅಲ್ಗೊಟ್, ಈ ಊರಿನ ಕ್ಲಬ್ಬಿನ ಕೀಪರ್ ಅಂತೆ. ಎಲ್ಲಿದ್ದಾರೆ ಎಂದು ಕೇಳಿದೆ.

"ಸರೋವರದ ಕಡೆ ಹೋಗಿದಾರೆ" ಎಂದರು.

ಅವರು ಬರಲಿ ಎಂದು ಊಟದ ಮುಂದೆ ಕೈಕಟ್ಟಿ ಕೂತೆ. ಹೊಟ್ಟೆ ತಾಳ ಹಾಕುತ್ತಿತ್ತು. "ನೀವು ಮಾಡಿ, ಆರಿಹೋಗುತ್ತೆ" ಎಂದು ಅವರೇ ಮೀನು ಬಡಿಸಿದರು. ಮೇಜಿನ ಮೇಲೆ ತಟ್ಟೆ ಮೂರಿದ್ದವು.

ಜನವರಿ 29, ಶನಿವಾರ

ಅಭ್ಯಾಸಕ್ಕೆ ಬರಿಗೈಯಲ್ಲಿ ಹೋಗಲಾದೀತೆ? ಮಂಜುಗಡ್ಡೆಯ ಮೇಲಿನ ಈ ಬ್ಯಾಂಡಿ ಆಟದಲ್ಲಿ ಹತ್ತು ಜನರ ಕೈಯಲ್ಲೂ ಕೋಲಿರುತ್ತದೆ, ಕೀಪರ್‌ಗೆ ಮಾತ್ರ ಇಲ್ಲ. ಗಲ್ಲಕ್ಕೆ ಬೀಳುವ ಚೆಂಡಿಗೂ ಎದೆಗೆ ಬೀಳುವ ಚೆಂಡಿಗೂ ಈ ಎರಡು ಕೈಯೇ ಗತಿ. ಬೆಳಿಗ್ಗೆ ನನ್ನ ಪೇಚಾಟ ನೋಡಿ ಮ್ಯಾರ್ತಾ ಅವರು ಹಿತ್ತಿಲ ಕೋಣೆಯ ಬಾಗಿಲು ತೆಗೆದರು. ಸ್ಕೇಟು, ಕಾಲುಕಟ್ಟು, ಮುಖವಾಡ, ಎಲ್ಲ ಎಣ್ಣೆ ಹಚ್ಚಿ ಒರೆಸಿ ಒಪ್ಪವಾಗಿ ಇಟ್ಟಿದ್ದವು. ಸ್ಕೇಟು ನನ್ನ ಕಾಲಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಗೋಡೆಯ ಮೊಳೆಯಲ್ಲಿ ಕೈಗವಸಿನ ಜೋಡಿ ತೂಗುತ್ತಿತ್ತು, ಕಂದು ಚರ್ಮ, ಅಂಗೈಗೆ ಹೊಸದಾಗಿ ಹೊಲಿದ ತೇಪೆ.

"ಇದನ್ನೂ ಕೊಡ್ತೀರಾ?" ಎಂದೆ.

"ನಾನು ಕೊಡೋಕಾಗಲ್ಲ. ನಂದಲ್ಲ ಅದು" ಎಂದರು. ಬಾಗಿಲಿಂದ ಪಕ್ಕಕ್ಕೆ ಸರಿದು, "ಬೇಕಿದ್ರೆ ನೀವೇ ತಗೊಳ್ಳಿ" ಎಂದರು.

ನಮ್ಮ ಕಡೆ ಕೀಪರ್‌ಗಳಲ್ಲಿ ಒಂದು ಕಟ್ಟುಪಾಡಿದೆ. ಇನ್ನೊಬ್ಬ ಕೀಪರಿನ ಕೈಗವಸನ್ನು ಅವನು ಕೈಯಾರೆ ಕೊಟ್ಟರೆ ಮಾತ್ರ ಹಾಕಬೇಕು, ಮೊಳೆಯಿಂದ ತೆಗೆದು ಹಾಕಬಾರದು. ಮೊಳೆಯಲ್ಲಿದೆ ಎಂದರೆ ಅವನು ಇನ್ನೂ ಆಟ ಬಿಟ್ಟಿಲ್ಲ, ವಾಪಸು ಬರುತ್ತಾನೆ ಎಂದರ್ಥ. ಹದಿನಾರನೇ ವಯಸ್ಸಿನಲ್ಲಿ ಒಮ್ಮೆ ತೆಗೆದದ್ದಕ್ಕೆ ಹಳೆಯ ಕೋಚಿನಿಂದ ಕಪಾಳಮೋಕ್ಷ ಆಗಿತ್ತು. ಅದೆಲ್ಲ ನೆನಪಾಯಿತು, ನಗುವೂ ಬಂತು. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ತೆಗೆದುಕೊಂಡೆ.

ಮೈದಾನದ ಮಂಜುಗಡ್ಡೆ ನೋಡಿಕೊಳ್ಳುವ ಊಲ್ಲೆ ಎಂಬ ಮುದುಕ ನನ್ನ ಕೈ ನೋಡಿ ಟೋಪಿ ತೆಗೆದ. ಅವನಿಂದಲೇ ಗೊತ್ತಾದದ್ದು: ಅಲ್ಗೊಟ್ ಸರೋವರಕ್ಕೆ ಮೀನು ಹಿಡಿಯಲು ಹೋಗಿ ನಾಲ್ಕು ಚಳಿಗಾಲ ಆಯಿತಂತೆ. ಮಂಜುಗಡ್ಡೆ ಕರಗಿದ ಮೇಲೆ ಎಲ್ಲ ಹುಡುಕಿದರಂತೆ. ಟೋಪಿಯೂ ಸಿಗಲಿಲ್ಲ. ಪಾಪದ ಹೆಂಗಸು, ನಿನ್ನೆ ನಾನು ಏನೆಲ್ಲ ಕೇಳಿಬಿಟ್ಟೆ.

ಜನವರಿ 30, ಭಾನುವಾರ

ಗೆದ್ದೆವು! ಫಿನ್‌ಲ್ಯಾಂಡ್ ವಿರುದ್ಧ 3–2. ಅದರಲ್ಲೂ ಯಾರು ಆಡಿದ್ದು? ಈ ಬೆಂಚು ಬಿಸಿ ಮಾಡುವವನೇ. ಇಪ್ಪತ್ತನೇ ನಿಮಿಷಕ್ಕೆ ನಮ್ಮ ಮೊದಲನೇ ಕೀಪರಿನ ಬೆರಳು ಮುರಿಯಿತು, ಆರ್ವಿಡ್ ನನ್ನ ಕಡೆ ತಿರುಗಿದ. ಅವನ ಮುಖ ಸಾಲ ಕೇಳಲು ಬಂದವನ ಹಾಗಿತ್ತು. ಆಗ 0–2. ಆಮೇಲೆ ನನ್ನನ್ನು ದಾಟಿ ಒಂದೂ ಹೋಗಲಿಲ್ಲ. ಕಾರ್ನರ್ ಎಂದರೆ ಮೊದಲೆಲ್ಲ ನನಗೆ ಬೆನ್ನಲ್ಲಿ ಬೆವರು. ಮೂಲೆಯಿಂದ ಚೆಂಡು ಹೊರಗೆ ಬರುತ್ತದೆ, ಹೊಡೆಯುವವನು ಕೋಲು ಎತ್ತಿ ನಿಂತಿರುತ್ತಾನೆ, ನಮ್ಮವರು ಗೋಲಿನ ಗೆರೆಯಿಂದ ಅವನ ಮೇಲೆ ನುಗ್ಗುತ್ತಾರೆ, ನಾನು ನಡುವೆ ಕಣ್ಣು ಕಾಣದವನ ಹಾಗೆ. ಇವತ್ತು ಹತ್ತು ಕಾರ್ನರ್ ಬಂದವು. ಹತ್ತೂ ಎಲ್ಲಿಗೆ ಬರುತ್ತವೆ ಎಂದು ಮೊದಲೇ ಗೊತ್ತಿತ್ತು. ಖುಷಿಗೆ ಕೂಗಿಕೊಳ್ಳುವ ಹಾಗಾಯಿತು.

ಬಲಗೈ ಹೆಬ್ಬೆರಳು ಊದಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಪರವಾಗಿಲ್ಲ.

ಸಂಜೆ ಹಜಾರದ ಫೋನಿನಿಂದ ಮನೆಗೆ ಮಾತಾಡಿದೆ. ಗೆರ್ಡ್, "ಹಿಡಿಯೋರೇ ಇಲ್ಲ ಬಿಡಿ ಇನ್ನು ನಿಮ್ಮನ್ನ!" ಎಂದು ನಕ್ಕಳು. ಸಿಸ್ಸೆಲ್ ಫೋನು ಕಸಿದುಕೊಂಡಳು.

"ಅಪ್ಪಾ, ಇನ್ನೆಷ್ಟು ದಿನ?"

"ಏಳು, ಪುಟ್ಟಿ."

"ನಿನ್ನೇನೂ ಏಳು ಅಂದಿದ್ದೆ."

"ನಿನ್ನೆ ನಾನು ಫೋನೇ ಮಾಡಿಲ್ವಲ್ಲೇ ಕಳ್ಳಿ."

"ಮಾಡಿದ್ರೆ ಏಳು ಅಂತಿದ್ದೆ" ಎಂದಳು. ಅವಳ ಜತೆ ವಾದಕ್ಕೆ ನಿಂತು ಗೆದ್ದವರಿಲ್ಲ.

ಜನವರಿ 31, ಸೋಮವಾರ

ಈ ಊರಿನವರಿಗೆ ನನ್ನ ಮೇಲೆ ಯಾಕೋ ಅಕ್ಕರೆ. ಬೇಕರಿಯಲ್ಲಿ ಏಲಕ್ಕಿ ಬನ್ನಿಗೆ ದುಡ್ಡು ತೆಗೆದರೆ ಅಂಗಡಿಯವಳು ತೆಗೆದುಕೊಳ್ಳಲಿಲ್ಲ. "ಮಂಡಿ ಹೇಗಿದೆ?" ಎಂದು ಕೇಳಿದಳು. ನನ್ನ ಮಂಡಿಗೇನಾಗಿದೆ? ಚೆನ್ನಾಗಿಯೇ ಇದೆ ಎಂದೆ. "ಹಾಗಂತಾನೇ ಯಾವಾಗ್ಲೂ ಹೇಳೋದು" ಎಂದು ಇನ್ನೆರಡು ಬನ್ನು ಹಾಕಿದಳು.

ಮಧ್ಯಾಹ್ನ ಮೈದಾನಕ್ಕೆ ಹೋಗಿ ನನ್ನ ಗೋಲಿನ ಮುಂದೆ ಸ್ಕೇಟಿನಿಂದ ಕೆರೆದೆ. ಕಾಲಿಗೆ ಹಿಡಿತ ಸಿಗಲೆಂದು ಪ್ರತಿಯೊಬ್ಬ ಕೀಪರೂ ಕೆರೆದುಕೊಳ್ಳುತ್ತಾನೆ, ಒಬ್ಬೊಬ್ಬರದು ಒಂದೊಂದು ರೀತಿ. ನನ್ನದು ಓರೆ ಗೆರೆಗಳು, ಒತ್ತೊತ್ತಾಗಿ. ಇವತ್ತು ಉದ್ದಕ್ಕೆ ಮೂರು, ಎಡಗಂಬದ ಹತ್ತಿರ ಗಿಡ್ಡದೊಂದು ಎಳೆದೆ. ಊಲ್ಲೆ ನೀರಿನ ಗಾಡಿ ನಿಲ್ಲಿಸಿಕೊಂಡು ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಚಳಿಗೆ ಇರಬೇಕು.

"ಈ ಕಡೆ ಗೋಲಿಗೆ ನಾನು ನೀರು ಹಾಕಿ ಗೆರೆ ಅಳಿಸಲ್ಲ. ನಿಂಗೇ ಬಿಟ್ಟಿದೀನಿ" ಎಂದ.

ಹೊರಗಿನವನಿಗೆ ಇಷ್ಟು ಮರ್ಯಾದೆ ನಮ್ಮ ಡ್ರಾಮೆನ್‌ನಲ್ಲಿ ಯಾರು ಕೊಡುತ್ತಾರೆ? ಊಟಕ್ಕೆ ಕೂತಾಗ ತಟ್ಟೆ ಎರಡೇ ಇದ್ದವು. ಇಷ್ಟು ದಿನಕ್ಕೆ ಮ್ಯಾರ್ತಾ ಅವರಿಗೂ ಸ್ವಲ್ಪ ಸಮಾಧಾನ ಬಂದ ಹಾಗಿದೆ.

ಫೆಬ್ರವರಿ 2, ಬುಧವಾರ

ಸೋವಿಯತ್ ವಿರುದ್ಧ 0–1. ಸೋತೆವು, ಆದರೆ ನಮ್ಮವರು ಗೆದ್ದವರ ಹಾಗೆ ಕುಣಿದರು. ಹೋದ ವರ್ಷ ಇವರ ಕೈಯಲ್ಲಿ ಹನ್ನೆರಡು ತಿಂದಿದ್ದೆವು.

ಬೆಳಿಗ್ಗೆಯಿಂದಲೇ ಸರೋವರದ ಕಡೆಯಿಂದ ಮಂಜು ಬರುತ್ತಿತ್ತು. ಆಟದ ನಡುವೆ ಮೊದಲು ಆಚೆ ಗೋಲು ಮರೆಯಾಯಿತು, ಆಮೇಲೆ ನಡುಗೆರೆ, ಆಮೇಲೆ ಕ್ನುಟ್‌ನ ಬೆನ್ನು. ಪಂದ್ಯ ನಿಲ್ಲಿಸುತ್ತಾರೆ ಅಂದುಕೊಂಡೆ, ನಿಲ್ಲಿಸಲಿಲ್ಲ. ಮಂಜಿನೊಳಗೆ ಸ್ಕೇಟುಗಳ ಸದ್ದು ಬರುತ್ತದೆ, ತಿರುಗುತ್ತದೆ, ಹೋಗುತ್ತದೆ. ಕೋಲಿಗೆ ಚೆಂಡು ತಾಗಿದ ಟಕ್ ಎಂಬ ಸದ್ದು ಎಲ್ಲಿಂದ ಎಂದು ಗೊತ್ತಾಗುವುದಿಲ್ಲ. ಹೆದರಬೇಕಾಗಿತ್ತು. ಹೆದರಲಿಲ್ಲ. ಕೈ ತಾನಾಗಿ ಎದ್ದಿತು, ಚೆಂಡು ಬಂದು ಅದರಲ್ಲಿ ಕೂತಿತು. ಎಷ್ಟು ಸಲ ಹಾಗಾಯಿತೋ ನಾನು ಎಣಿಸಲಿಲ್ಲ.

ಕೈಗವಸಿನ ಒಳಗೆ ಬೆಚ್ಚಗಿತ್ತು. ಆಟ ಶುರುವಾಗುವುದಕ್ಕೆ ಮುಂಚೆ, ನಾನು ಕೈ ತೂರಿಸುವಾಗಲೇ ಬೆಚ್ಚಗಿತ್ತು.

ಕಾಣದ ಜನ ದಡದಿಂದ ಕೂಗುತ್ತಿದ್ದರು. ಕಾಫಿ ಫ್ಲಾಸ್ಕು ಇಟ್ಟ ಕಂದು ಕೈಪೆಟ್ಟಿಗೆಗಳನ್ನು ತಾಳಕ್ಕೆ ಸರಿಯಾಗಿ ಬಡಿಯುತ್ತಾ, "ಅಲ್ಗೊಟ್! ಅಲ್ಗೊಟ್!" ಎಂದು. ಕೈ ಎತ್ತಿ ತೋರಿಸಿದೆ. ಅಷ್ಟು ಪ್ರೀತಿಯಿಂದ ಕೂಗುವಾಗ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕ್ನುಟ್ ನನ್ನನ್ನೇ ನೋಡುತ್ತಿದ್ದ. "ಯಾವಾಗಿಂದ ಎಡಗೈಯಲ್ಲಿ ಚೆಂಡು ಎಸೀತಿದೀಯೋ?"

"ಹೆಬ್ಬೆರಳು ನೋವು."

"ಹೆಬ್ಬೆರಳು ನೋವಾದ್ರೆ ಅರವತ್ತು ಮೀಟರ್ ಎಡಗೈಯಲ್ಲಿ ಎಸೀತಾರಾ? ಮಾತೂ ಇವರ ಥರಾನೇ ಎಳೀತಿದೀಯ. ಐದು ದಿನಕ್ಕೇ ಸ್ವೀಡನ್ನೋನಾಗಿಬಿಟ್ಯಲ್ಲೋ!" ಎಲ್ಲರೂ ನಕ್ಕರು. ಕ್ನುಟ್ ನಗಲಿಲ್ಲ.

ಮಂಡಿ ಸ್ವಲ್ಪ ಹಿಡಿದಿದೆ. ಮ್ಯಾರ್ತಾ ಬಿಸಿನೀರಿನ ಬಟ್ಟೆ ಕಟ್ಟಿದರು. ಹೊಸದೇನಲ್ಲ ಈ ನೋವು.

ಫೆಬ್ರವರಿ 3, ಗುರುವಾರ

ಚೀಲ ಸಿಕ್ಕಿತು. ಸ್ಟೇಷನ್ನಿನವರೇ ತಂದು ಕೊಟ್ಟರು. ಅಡುಗೆಮನೆಯ ನೆಲದ ಮೇಲೆ ಬಿಚ್ಚಿ ನೋಡಿದೆ. ನನ್ನ ಕೈಗವಸು ಹಾಕಿಕೊಂಡರೆ ಬೆರಳು ಕೊನೆಯವರೆಗೆ ಹೋಗಲೇ ಇಲ್ಲ. ಒದ್ದೆಯಾಗಿ ಒಣಗಿ ಚಿಕ್ಕದಾಗಿದೆಯೇನೋ. ಬೇರೆ ಯಾರದೋ ಬೆವರಿನ ವಾಸನೆ ಬೇರೆ. ಸಿಸ್ಸೆಲ್ ಬರೆದ ಚಿತ್ರವೊಂದನ್ನು ಗೆರ್ಡ್ ಸ್ಕೇಟಿನೊಳಗೆ ಮಡಿಸಿಟ್ಟಿದ್ದಳು. ಮುದ್ದಾಗಿತ್ತು. ಎಲ್ಲಿಟ್ಟೆ ಎಂದು ಈಗ ನೆನಪಾಗುತ್ತಿಲ್ಲ.

ಅಭ್ಯಾಸಕ್ಕೆ ನಾನು ಹಿತ್ತಿಲ ಕೋಣೆಯ ಆ ಕೈಗವಸನ್ನೇ ಹಾಕಿಕೊಂಡು ಹೋದದ್ದು ನೋಡಿ ಕ್ನುಟ್ ನನ್ನನ್ನು ಶಾಲೆಯ ಹಿಂದಕ್ಕೆ ಎಳೆದುಕೊಂಡು ಹೋದ.

"ಚೀಲ ಸಿಗ್ತಲ್ಲ, ಇನ್ನೂ ಇದ್ಯಾಕೆ? ನಿಜ ಹೇಳು. ಆಯಮ್ಮ ನಿನ್ನ ಕೈಗೆ ಕೊಟ್ರಾ, ಇಲ್ಲಾ ನೀನೇ ತಗೊಂಡ್ಯಾ?"

"ಮೊಳೆಯಲ್ಲಿತ್ತು."

ಅವನ ಮುಖದ ಬಣ್ಣ ಇಳಿಯಿತು. ನನಗಿಂತ ಒಂದು ಅಡಿ ಎತ್ತರದ ಆಳು, ಕೋಲಿನೇಟು ಬಿದ್ದರೂ ಹೂಂ ಅನ್ನದವನು. "ಟೋರ್ಲೈಫ್, ನಿನ್ನ ಮಗಳ ಹೆಸರು ಹೇಳು."

"ತಮಾಷೆ ಸಾಕು ಕಣೋ."

"ಹೇಳು ಅಂದ್ರೆ ಹೇಳು."

ಹೇಳಿದೆ. ಬಾಯಿಗೆ ಬರಲು ಒಂದು ಚೂರು ತಡವಾಯಿತು ಅಷ್ಟೆ, ಸುಸ್ತಾಗಿದ್ದೆ. ಕ್ನುಟ್ ನನ್ನ ಎರಡೂ ಭುಜ ಹಿಡಿದುಕೊಂಡ. "ಈಗ್ಲೇ ಹೋಗಿ ಅದನ್ನ ಆ ಮೊಳೆಗೇ ವಾಪಸ್ ಹಾಕು. ತೆಗೆದ ಕೈಯಲ್ಲೇ ಹಾಕ್ಬೇಕು, ಬೇರೆಯೋರು ಹಾಕಿದ್ರೆ ಆಗಲ್ಲ. ಹಾಕಿ ನಿನ್ನ ಚೀಲ ತಗೊಂಡು ಇಲ್ಲಿಗೆ ಬಾ. ನನ್ನ ಹಾಸಿಗೆ ನಿಂಗೆ, ನಾನು ನೆಲದ ಮೇಲೆ ಬಿದ್ಕೋತೀನಿ. ನಿನ್ನ ಕಾಲಿಗೆ ಬೀಳ್ತೀನಿ ಮಾರಾಯ."

ಆಗ, ಅಲ್ಲಿ, ಆ ಶಾಲೆಯ ಗೋಡೆಗೆ ಒರಗಿ, ಕಳೆದ ಮೂರು ದಿನದಿಂದ ನಾನು ಗೆರ್ಡ್‌ಗೆ ಫೋನು ಮಾಡಿಲ್ಲ ಎಂದು ಹೊಳೆಯಿತು. ಮಾಡಬೇಕೆಂದು ನೆನಪೇ ಆಗಿರಲಿಲ್ಲ. ನಿಜವಾಗಿ ಹೆದರಿದೆ. ಓಡಿದೆ. ಕೈಗವಸು ಹಿಡಿದುಕೊಂಡು ನೇರ ಹಿತ್ತಿಲ ಕೋಣೆಗೆ ಹೋದೆ.

ಮೊಳೆ ಇರಲಿಲ್ಲ. ಹಲಗೆಯಲ್ಲಿ ತೂತು ಮಾತ್ರ ಇತ್ತು, ಅದಕ್ಕೂ ಮೇಣ ಮೆತ್ತಿ ಒರೆಸಿತ್ತು.

ಮ್ಯಾರ್ತಾ ಬಾಗಿಲಲ್ಲಿ ನಿಂತಿದ್ದರು, ಸೌಟು ಹಿಡಿದುಕೊಂಡು. "ಇನ್ಯಾಕೆ ಮೊಳೆ?" ಎಂದರು. "ಕಿತ್ತು ಹಾಕ್ದೆ. ಬಂದಾಯ್ತಲ್ಲ."

ಬೇರೆ ಮೊಳೆ ಹೊಡೆಯೋಣವೆಂದು ಸುತ್ತಿಗೆ ಹುಡುಕಿದೆ. ಅದು ಎಲ್ಲಿರುತ್ತದೆ ಎಂದು ಗೊತ್ತಿತ್ತು, ಎಡಗಡೆಯ ಎರಡನೇ ಗೂಡಿನಲ್ಲಿ. ಅಲ್ಲೇ ಇತ್ತು. ಅದನ್ನು ಕೈಯಲ್ಲಿ ಹಿಡಿದು ನಿಂತವನಿಗೆ ಯಾಕೆ ಬಂದೆ ಎಂಬುದು ಮರೆತುಹೋಯಿತು. ಒಳಗೆ ಬಟಾಣಿ ಸಾರಿನ ವಾಸನೆ ಬರುತ್ತಿತ್ತು. ಗುರುವಾರ ನಮ್ಮಲ್ಲಿ ಬಟಾಣಿ ಸಾರು, ಆಮೇಲೆ ದೋಸೆಗೆ ಹಣ್ಣಿನ ಪಾಕ. ಮಂಡಿ ನೋವಿನಲ್ಲಿ ಶಾಲೆಯವರೆಗೆ ನಡೆಯುವುದು ಬೇಡವೆನಿಸಿತು. ನಾಳೆ ಹೋದರಾಯಿತು.

ಫೆಬ್ರವರಿ 4, ಶುಕ್ರವಾರ

ಬೆಳಿಗ್ಗೆ ಹಿಮ ಬಿತ್ತು. ಮೆಟ್ಟಿಲು ಗುಡಿಸಿದೆ. ಹಿತ್ತಿಲ ಕೊಟ್ಟಿಗೆಯ ಬಾಗಿಲು ಮತ್ತೆ ಕಚ್ಚುತ್ತಿದೆ, ಹೋದ ಸಲವೇ ಕೀಲು ಬದಲಿಸಬೇಕಾಗಿತ್ತು. ನೆರೆಯವರು ಬಂದು ಕಾಫಿ ಕುಡಿದು ಹೋದರು. ಯಾರೂ ಏನೂ ಕೇಳಲಿಲ್ಲ. ಒಳ್ಳೆಯ ಜನ.

ಎತ್ತರದ ಆ ನಾರ್ವೆಯವನು ಎರಡು ಸಲ ಬಂದು ಬಾಗಿಲು ಬಡಿದ. ಹಾಕಿಕೊಂಡು ಬಡಿದ ಎನ್ನಬೇಕು. "ಮೊಳೆ ಎಲ್ಲಿ? ಮೊಳೆ ಎಲ್ಲಿ?" ಎಂದು ಕೂಗುತ್ತಿದ್ದ. ಮ್ಯಾರ್ತಾ ಅವನಿಗೆ ನಾಯಿಗೆ ಹೇಳುವ ಹಾಗೆ ಮೆತ್ತಗೆ ಏನೋ ಹೇಳಿ ಕಳಿಸಿದಳು. ಕ್ನುಟ್ ಅಂತ ಅವನ ಹೆಸರು. ಆಟಗಾರ ಒಳ್ಳೆಯವನೇ, ತಲೆ ಬಿಸಿ.

ಫೆಬ್ರವರಿ 5, ಶನಿವಾರ

ಮಧ್ಯಾಹ್ನ ಫೋನು ಬಂತು. ಮ್ಯಾರ್ತಾ ತೆಗೆದು, ಅಂಗೈಯಿಂದ ಮುಚ್ಚಿಕೊಂಡು ನನ್ನನ್ನು ಕೇಳಿದಳು: "ಯಾರೋ ಹೆಂಗಸು. ಟೋರ್ಲೈಫ್ ಬೇಕಂತೆ. ಅಳ್ತಿದಾಳೆ. ಏನಂತ ಹೇಳ್ಲಿ?"

ಯೋಚಿಸಿದೆ. "ಅವನು ನಾಳೆ ಸಂಜೆ ರೈಲಿಗೆ ಹೊರಡ್ತಾನಲ್ಲ. ಹಾಗಂತ ಹೇಳು."

ಹೇಳಿದಳು. ಫೋನು ಇಟ್ಟು ನನ್ನ ಬಳಿ ಬಂದಳು. "ನಿಂಗೆ ಬೇಜಾರಿಲ್ವಾ?" ಎಂದಳು.

"ಯಾಕೆ?"

"ಸುಮ್ನೆ ಕೇಳ್ದೆ" ಎಂದು ನನ್ನ ಕೈ ಹಿಡಿದುಕೊಂಡಳು. ನಾಲ್ಕು ಚಳಿಗಾಲ ಒಬ್ಬಳೇ ಈ ಮನೆಯಲ್ಲಿ ಹೇಗಿದ್ದಳೋ. ಇನ್ನು ಇವಳನ್ನು ಬಿಟ್ಟು ಹೋಗುವುದಿಲ್ಲ.

ಸಂಜೆ ಅವಳು ಕೈಗವಸಿನ ಅಂಗೈಗೆ ಮತ್ತೆ ಹೊಲಿಗೆ ಹಾಕಿದಳು, ನಾನು ಪಕ್ಕದಲ್ಲಿ ಕೂತು ದಾರಕ್ಕೆ ಮೇಣ ಹಚ್ಚಿ ಕೊಟ್ಟೆ. ನಾಳೆ ಊರಿನವರೆಲ್ಲ ಬರುತ್ತಾರೆ. ನಮ್ಮ ಸ್ಟೂರೆ ಸ್ವೀಡನ್ ತಂಡದಲ್ಲಿ ಆಡುತ್ತಾನೆ, ಇದೇ ಗ್ರಾನ್‌ಶೋದ ಹುಡುಗ. ಅವನಿಗೆ ನಾನು ಎಸೆದ ಚೆಂಡುಗಳಿಗೆ ಲೆಕ್ಕವಿಲ್ಲ.

ಫೆಬ್ರವರಿ 6, ಭಾನುವಾರ

ಬಿಸಿಲು, ಮೈನಸ್ ಹದಿನಾಲ್ಕು, ಗಾಜಿನಂಥ ಮಂಜುಗಡ್ಡೆ. ಇಂಥ ದಿನ ವರ್ಷಕ್ಕೊಂದೇ. ಜನ ಸರೋವರದ ಏರಿಯವರೆಗೂ ನಿಂತಿದ್ದರು. ನನಗೆ ನಾರ್ವೆಯವರ ಕೆಂಪು ಅಂಗಿ ಯಾಕೆ ಹಾಕಿಸಿದರೋ ತಿಳಿಯದು, ಯಾರನ್ನೂ ಕೇಳಲಿಲ್ಲ. ಅಂಗಿಯಲ್ಲೇನಿದೆ, ಗೋಲು ಕಾಯುವುದು ಕೆಲಸ. ಎಂಬತ್ತೇಳು ನಿಮಿಷ ಕಾದೆ. ಎರಡೂ ಕಡೆ ಒಂದೊಂದು ಗೋಲು.

ಆಮೇಲೆ ಚೆಂಡು ನನ್ನ ಕೈಯಲ್ಲಿತ್ತು. ತಲೆ ಎತ್ತಿ ನೋಡಿದೆ. ನಡುಗೆರೆಯ ಎಡಕ್ಕೆ ಸ್ಟೂರೆ, ಅವನ ಯಾವತ್ತಿನ ಜಾಗದಲ್ಲಿ, ಯಾರೂ ಅವನ ಬಳಿ ಇಲ್ಲ. ಅವನೂ ನನ್ನನ್ನು ನೋಡಿದ. ಎಸೆದೆ. ಅವನ ಕೋಲಿಗೆ ಮುತ್ತು ಕೊಟ್ಟ ಹಾಗೆ ಹೋಗಿ ಕೂತಿತು. ಅವನು ತಿರುಗಿ ಬಂದು ನನ್ನ ಪಕ್ಕದಿಂದಲೇ ಬಲೆಗೆ ಹೊಡೆದ. ಎಂಥ ಹೊಡೆತ! ಏರಿಯಿಂದ ಎದ್ದ ಕೂಗಿಗೆ ಮಂಜುಗಡ್ಡೆ ಗುಡುಗಿತು. ಕೆಂಪು ಅಂಗಿಯವರು ನನ್ನ ಸುತ್ತ ಸೇರಿ ಬಾಯಿಗೆ ಬಂದಂತೆ ಬೈದರು. ಆ ಎತ್ತರದವನು ಮಾತ್ರ ಬೈಯಲಿಲ್ಲ. ನನ್ನ ಮುಖವಾಡ ತೆಗೆದು ಮುಖ ನೋಡಿದ, ಹಾಗೇ ಮಂಜುಗಡ್ಡೆಯ ಮೇಲೆ ಕೂತುಬಿಟ್ಟ. ಸೋಲು ಎಲ್ಲರಿಗೂ ಕಷ್ಟವೇ.

ಆಟ ಮುಗಿದು ಊಲ್ಲೆ ನನ್ನ ಗೋಲಿನ ಕಂಬ ಕೀಳುತ್ತಿದ್ದ. ಬಲೆಯ ಹಿಂದೆ ಒಬ್ಬ ಹೆಂಗಸು, ಒಂದು ಮಗು ನಿಂತಿದ್ದರು. ದೂರದಿಂದ ಬಂದವರು, ರೈಲಿನ ಬಟ್ಟೆಯಲ್ಲೇ ಇದ್ದರು. ಮಗು ಬಲೆಯೊಳಗೆ ಬೆರಳು ತೂರಿಸಿ, "ಅಪ್ಪಾ" ಎಂದಿತು.

ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಅಪ್ಪಾ, ಇವತ್ತಿಗೆ ಸೊನ್ನೆ ದಿನ" ಎಂದಿತು. "ನಾವೇ ಕರ್ಕೊಂಡು ಹೋಗೋಕೆ ಬಂದ್ವಿ."

"ನಿಮ್ಮಪ್ಪ ಬರ್ತಾನೆ ಪುಟ್ಟಿ" ಎಂದೆ. "ಇಲ್ಲೇ ಎಲ್ಲೋ ಇರ್ತಾನೆ. ಅಳ್ಬಾರ್ದು, ಕಣ್ಣೀರು ಕೆನ್ನೆ ಮೇಲೆ ಹೆಪ್ಪುಗಟ್ಟುತ್ತೆ." ಕೈಗವಸು ಬಿಚ್ಚದೆ ಹಾಗೇ ಅವಳ ಟೋಪಿ ಸರಿ ಮಾಡಿದೆ. ಹೆಂಗಸು ನನ್ನ ತೋಳು ಹಿಡಿದು ಏನೇನೋ ಹೆಸರು ಹೇಳುತ್ತಿದ್ದಳು, ಯಾವುದೋ ಬೀದಿ, ಯಾವುದೋ ಮನೆ, ಯಾವುದೋ ಬೇಸಿಗೆ. ಪೂರ್ತಿ ಅರ್ಥವಾಗಲಿಲ್ಲ, ಅವರ ಕಡೆಯ ಮಾತು ಬೇರೆ. ಸಮಾಧಾನ ಮಾಡಿದೆ. ನಾಳೆ ಡಾಕ್ಟರನ್ನು ಕರೆದುಕೊಂಡು ಮನೆಗೆ ಬರುತ್ತೇನೆ ಎಂದಳು. ಯಾರಿಗೆ ಹುಷಾರಿಲ್ಲವೋ ಪಾಪ. ಬರಲಿ, ಕಾಫಿ ಕೊಡೋಣ.

ಹೋಗುವಾಗ ಮಗುವನ್ನು ಹೆಸರು ಕೇಳಿದೆ. ಅಷ್ಟು ಹೊತ್ತು ಅಳುತ್ತಿದ್ದದ್ದು ಅಳು ನಿಲ್ಲಿಸಿ, ನನ್ನನ್ನು ಬಹಳ ಹೊತ್ತು ನೋಡಿ, ಹೊಸಬರಿಗೆ ಹೇಳುವ ಹಾಗೆ ಬಿಡಿಸಿ ಹೇಳಿತು: ಸಿಸ್ಸೆಲ್.

ಚೆಂದದ ಹೆಸರು. ನಮಗೂ ಒಂದು ಹೆಣ್ಣುಮಗು ಆಗಿದ್ದರೆ ಅದನ್ನೇ ಇಡಬಹುದಿತ್ತು ಎಂದು ಮನೆಗೆ ಬಂದು ಮ್ಯಾರ್ತಾಳಿಗೆ ಹೇಳಿದೆ.